ಎಲ್ಲರ ಮಕ್ಕಳೂ ನಮ್ಮ ಮಕ್ಕಳೇ



ಜನವರಿ 15 ಸೇನಾ ದಿನ. ಟೀವಿಯಲ್ಲಿ ಜವಾನರ ಕವಾಯತು ನೋಡಿ, “ಅಬ್ಬಾ, ಎಂಥ ಶಿಸ್ತು!” ಎಂದು ಮೆಚ್ಚಿ ಮತ್ತೆ ಒಲೆಯ ಮುಂದೆ ಹೋಗುತ್ತೇವೆ. ಆ ದಿನವೇ ಏಕೆ ಎಂದು ಮಕ್ಕಳು ಕೇಳಿದರೆ ಹೇಳಲು ಉತ್ತರ ಗೊತ್ತಿರಲಿ. 1949ರ ಜನವರಿ 15ರಂದು ನಮ್ಮ ಸೇನೆಯ ಚುಕ್ಕಾಣಿ ಬ್ರಿಟಿಷ್ ಜನರಲ್‌ನ ಕೈಯಿಂದ ಮೊಟ್ಟಮೊದಲ ಬಾರಿಗೆ ಒಬ್ಬ ಭಾರತೀಯನ ಕೈಗೆ ಬಂತು. ಆ ಭಾರತೀಯ ನಮ್ಮ ಕೊಡಗಿನವರು, ಶನಿವಾರಸಂತೆಯಲ್ಲಿ ಹುಟ್ಟಿದ ಕೊಡಂದೇರ ಮಾದಪ್ಪ ಕಾರ್ಯಪ್ಪನವರು.

ಅವರ ದೊಡ್ಡಸ್ತಿಕೆಯ ಪಟ್ಟಿ ಉದ್ದವಾಗಿದೆ. 1919ರಲ್ಲಿ ಸೇನೆಯ ಅಧಿಕಾರಿಯಾದರು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ ಅವರೇ. 1953ರಲ್ಲಿ ನಿವೃತ್ತರಾದ ಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ನಮ್ಮ ದೇಶದ ಹೈಕಮಿಷನರ್ ಆಗಿದ್ದರು. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂತು. ಅದು ದೊರೆತಿರುವುದು ಈ ದೇಶದಲ್ಲಿ ಇಬ್ಬರಿಗೆ ಮಾತ್ರ. ಇನ್ನೊಬ್ಬರು ಮಾಣೆಕ್‌ಶಾ. ಇದೆಲ್ಲ ಶಾಲೆಯ ಪುಸ್ತಕದಲ್ಲಿ ಸಿಗುತ್ತದೆ ಬಿಡಿ. ನಾವು ಮನೆ ನಡೆಸುವವರು. ಸಮವಸ್ತ್ರ ಕಳಚಿಟ್ಟ ಮೇಲೆ ಆ ಮನುಷ್ಯ ಮನೆಯಲ್ಲಿ ಹೇಗಿದ್ದರು ಎನ್ನುವುದು ನಮಗೆ ಮುಖ್ಯ.

ಅವರ ಸಂಸಾರ ಹೂವಿನ ಹಾಸಿಗೆಯಾಗಿರಲಿಲ್ಲ. 1937ರಲ್ಲಿ ಮದುವೆಯಾಯಿತು. ಒಂದು ಗಂಡು, ಒಂದು ಹೆಣ್ಣು. 1945ರ ಹೊತ್ತಿಗೆ ದಂಪತಿಗಳು ಬೇರೆಯಾದರು. ಮೂರು ವರ್ಷದ ನಂತರ ಆ ತಾಯಿ ಅಪಘಾತದಲ್ಲಿ ತೀರಿಕೊಂಡರು. ಯಾರದು ತಪ್ಪು, ಯಾರದು ಸರಿ ಎಂದು ಜಗುಲಿಯಲ್ಲಿ ಕೂತು ತೀರ್ಪು ಕೊಡುವ ಕೆಲಸ ನಮಗೆ ಬೇಡ. ಒಂದು ಕಡೆ ಹೊಸದಾಗಿ ಸ್ವತಂತ್ರವಾದ ದೇಶದ ಸೇನೆ, ಇನ್ನೊಂದು ಕಡೆ ತಾಯಿಯಿಲ್ಲದ ಎರಡು ಮಕ್ಕಳು. ಎರಡನ್ನೂ ಒಬ್ಬರೇ ನೋಡಿಕೊಳ್ಳಬೇಕಾಗಿ ಬಂತು ಅನ್ನುವುದನ್ನು ಮಾತ್ರ ನೆನಪಿಡೋಣ.

ಅಂಥ ಮಕ್ಕಳನ್ನು ಮುದ್ದು ಮಾಡಿ ಕೆಡಿಸುವುದು ಸುಲಭ. ಅವರು ಹಾಗೆ ಮಾಡಲಿಲ್ಲ. ಮಗ ನಂದ ದೆಹಲಿಯಲ್ಲಿ ಓದುತ್ತಿದ್ದಾಗಿನ ಒಂದು ಸಂಗತಿಯನ್ನು ಆ ಮಗನೇ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಮಕ್ಕಳನ್ನು ಶಾಲೆಯಿಂದ ಕರೆತರುವ ಸೇನೆಯ ಟ್ರಕ್ಕು ಒಂದು ದಿನ ಬರಲಿಲ್ಲ. ತಂದೆಯ ಸಹಾಯಕ ಅಧಿಕಾರಿ, ಪಾಪ, ಮಗು ಕಾಯುತ್ತದಲ್ಲ ಎಂದು ಕಚೇರಿಯ ಕಾರನ್ನೇ ಕಳಿಸಿದರು. ಕೆಲವು ದಿನಗಳ ಮೇಲೆ ತಿಂಡಿಯ ಹೊತ್ತಿನಲ್ಲಿ ಆ ಮಾತು ಬಂದಾಗ ಕಾರ್ಯಪ್ಪನವರು ಕೆಂಡವಾದರು. ಸರ್ಕಾರದ ಕಾರು ಸರ್ಕಾರದ ಕೆಲಸಕ್ಕೆ. ಆ ಪ್ರಯಾಣಕ್ಕೆ ಬಿಲ್ಲು ಮಾಡಿಸಿ, ಹಣವನ್ನು ತಮ್ಮ ಸಂಬಳದಲ್ಲಿ ಹಿಡಿಯಲು ಹೇಳಿದರಂತೆ!

ಈಗ ನೀವೇ ಹೇಳಿ, ನಮ್ಮೂರಿನಲ್ಲಿ ಕಚೇರಿಯ ಜೀಪು ಎಲ್ಲೆಲ್ಲಿ ನಿಂತಿರುತ್ತದೆ? ತರಕಾರಿ ಮಾರ್ಕೆಟ್ಟಿನ ಮುಂದೆ, ಸೀರೆ ಅಂಗಡಿಯ ಮುಂದೆ, ಒಮ್ಮೊಮ್ಮೆ ಮದುವೆ ಮನೆಯ ಚಪ್ಪರದ ಮುಂದೆ. ಯಜಮಾನರನ್ನು ಬೈದು ಪ್ರಯೋಜನವಿಲ್ಲ. “ಜೀಪು ಕಳಿಸ್ರೀ” ಅನ್ನುವವರು ನಾವೇ ತಾನೆ?

ಕಾರಿನ ಬಿಲ್ಲು ಚಿಕ್ಕದು. ದೊಡ್ಡ ಬಿಲ್ಲು 1965ರಲ್ಲಿ ಬಂತು. ಆ ವೇಳೆಗೆ ಮಗ ವಾಯುಪಡೆ ಸೇರಿ ಹಂಟರ್ ವಿಮಾನ ಹಾರಿಸುತ್ತಿದ್ದರು. ಸೆಪ್ಟೆಂಬರ್ 22, ಕದನವಿರಾಮ ಇನ್ನೇನು ಬಂತು ಅನ್ನುವ ದಿನ. ಮಗನ ವಿಮಾನಕ್ಕೆ ಗುಂಡು ತಗುಲಿತು. ಹೊರಕ್ಕೆ ಚಿಮ್ಮಿ ಜೀವ ಉಳಿಸಿಕೊಂಡರೂ ಬೆನ್ನೆಲುಬಿಗೆ ಪೆಟ್ಟಾಗಿ ಪಾಕಿಸ್ತಾನದ ಸೆರೆಯಾದರು.

ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ದೇಶ ಎರಡಾಗುವ ಮುನ್ನ ಅವರು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಹಳೆಯ ಅಧಿಕಾರಿಯ ಮಗ ಸಿಕ್ಕಿದ್ದಾನೆಂದು ತಿಳಿದೊಡನೆ, ಕ್ಷೇಮವಾಗಿದ್ದಾನೆ, ಬೇಕಾದರೆ ಬಿಡುಗಡೆ ಮಾಡುತ್ತೇವೆ ಎಂದು ತಮ್ಮ ರಾಯಭಾರಿಯ ಮೂಲಕ ಹೇಳಿ ಕಳಿಸಿದರು.

ಒಂದು ಕ್ಷಣ ಒಲೆ ಆರಿಸಿ ಯೋಚಿಸಿ. ಒಬ್ಬನೇ ಮಗ. ಗಾಯಗೊಂಡು ಶತ್ರುವಿನ ನೆಲದಲ್ಲಿ ಮಲಗಿದ್ದಾನೆ. “ಹೂಂ” ಅಂದರೆ ಸಾಕು, ಮನೆಗೆ ಬರುತ್ತಾನೆ. ನಾವಾಗಿದ್ದರೆ ಏನನ್ನುತ್ತಿದ್ದೆವು? ಕಾರ್ಯಪ್ಪನವರು ಒಪ್ಪಲಿಲ್ಲ. ಅಲ್ಲಿ ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬರ್ಥದ ಉತ್ತರ ಕಳಿಸಿದರು. ಮಗ ಮನೆಗೆ ಬಂದದ್ದು ಉಳಿದ ಸೆರೆಯಾಳುಗಳ ಹಾಗೆಯೇ, 1966ರ ಜನವರಿಯಲ್ಲಿ.

“ಇದೆಂಥ ಕಲ್ಲು ಮನಸ್ಸಪ್ಪಾ!” ಎಂದು ಕೆಲವರಿಗಾದರೂ ಅನ್ನಿಸೀತು. ನನಗೆ ಹಾಗನ್ನಿಸುವುದಿಲ್ಲ. ಆ ನಾಲ್ಕು ತಿಂಗಳು ಯಾವುದೋ ಹಳ್ಳಿಯಲ್ಲಿ, ಅಂಚೆಯವನ ದಾರಿ ನೋಡುತ್ತ ಕುಳಿತಿದ್ದ ಬೇರೆ ತಾಯಂದಿರೂ ಇದ್ದರಲ್ಲ? ಅವರ ಪರವಾಗಿ ಹೇಳಿ ಕಳಿಸಲು ಯಾವ ಅಧ್ಯಕ್ಷರ ಪರಿಚಯವಿತ್ತು? ದೊಡ್ಡವರ ಮಗ ಮೊದಲು ಮನೆಗೆ ಬಂದಿದ್ದರೆ ಅವರ ಹೊಟ್ಟೆಯುರಿ ಏನಾಗುತ್ತಿತ್ತು? ಹಾಗೆ ಆಗದಂತೆ ನೋಡಿಕೊಂಡ ತಂದೆಯ ಮನಸ್ಸು ಕಲ್ಲಲ್ಲ, ನಮ್ಮ ಮನಸ್ಸಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಅಯೂಬರ ಪತ್ನಿ ಮತ್ತು ಹಿರಿಯ ಮಗ ಆಸ್ಪತ್ರೆಗೆ ಬಂದು ಈ ಗಾಯಾಳುವನ್ನು ನೋಡಿಕೊಂಡು ಹೋದರು. ಬರುವಾಗ ಸಿಗರೇಟಿನ ಪೊಟ್ಟಣ, ಓದಲು ಒಂದು ಕಾದಂಬರಿ ತಂದಿದ್ದರು. ಹಾಸಿಗೆ ಹಿಡಿದವರನ್ನು ನೋಡಲು ಬರಿಗೈಲಿ ಹೋಗಬಾರದು ಎಂಬ ನಮ್ಮ ಅಜ್ಜಿಯರ ಮಾತು ಗಡಿಯ ಆಚೆಗೂ ಗೊತ್ತಿತ್ತು, ನೋಡಿ.

ಮಗ ಮುಂದೆ ಏರ್ ಮಾರ್ಷಲ್ ಹುದ್ದೆಗೇರಿ ನಿವೃತ್ತರಾದರು. ತಂದೆಯ ಜೀವನವನ್ನು ಕುರಿತು ಪುಸ್ತಕ ಬರೆದರು. ಬಿಡಿಸಿಕೊಳ್ಳದ ತಂದೆಯ ಮೇಲೆ ಮುನಿಸಿದ್ದವರು ಹಾಗೆ ಪುಸ್ತಕ ಬರೆದಾರೇ? ಕಾರ್ಯಪ್ಪನವರು ನಿವೃತ್ತಿಯ ಬದುಕನ್ನು ಮಡಿಕೇರಿಯ ‘ರೋಷನಾರಾ’ ಮನೆಯಲ್ಲಿ ಕಳೆದು, 1993ರ ಮೇ 15ರಂದು ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು.

ನಮಗೆ ಯುದ್ಧವಿಲ್ಲ, ಸೆರೆಯಿಲ್ಲ. ಆದರೆ ಶಾಲೆಯ ವಾರ್ಷಿಕೋತ್ಸವದಲ್ಲಿ ನಮ್ಮ ಮಗುವೇ ಮುಂದಿನ ಸಾಲಿನಲ್ಲಿ ನಿಲ್ಲಬೇಕು, ಮೇಷ್ಟ್ರು ಪರಿಚಯದವರಾದ್ದರಿಂದ ನಾಲ್ಕು ಅಂಕ ಹೆಚ್ಚು ಬೀಳಬೇಕು, ಮನೆಕೆಲಸದ ನಿಂಗಮ್ಮನ ಮಗಳಿಗೆ ಮಾತ್ರ ನಿನ್ನೆಯ ತಂಗಳು ಸಾಕು. ಈ ಲೆಕ್ಕಗಳು ದಿನವೂ ನಮ್ಮ ಕೈಲೇ ನಡೆಯುತ್ತವೆ. ಮುಂದಿನ ಸಲ ಉಪ್ಪಿಟ್ಟು ಬಡಿಸುವಾಗ ಆ ಹುಡುಗಿಗೂ ನಿಮ್ಮ ಮಗಳ ತಟ್ಟೆಗೆ ಹಾಕಿದ್ದನ್ನೇ, ಅಷ್ಟೇ ಬಿಸಿಯಾಗಿ ಹಾಕಿ. ಮಕ್ಕಳು ನೋಡುತ್ತಿರುತ್ತವೆ. ಬಾಯಲ್ಲಿ ನೂರು ಸಲ ಹೇಳುವುದಕ್ಕಿಂತ ಅದು ಬೇಗ ತಲೆಗೆ ಹತ್ತುತ್ತದೆ.