ಮೇಕೆಯ ಲಸಿಕೆ, ಹಸುವಿನ ಮೈ

ನಮ್ಮ ಹೊನ್ನವಳ್ಳಿ ಕಡೆ ಅಟ್ಟಕ್ಕೇರಿಸಿದ ಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಅಂಗಡಿ ಸಾಲ ತೀರುವುದು ಡೈರಿ ಬಟವಾಡೆಯಿಂದ. 2022ರಲ್ಲಿ ಹಸುಗಳ ಮೈಮೇಲೆ ಗಂಟು ಎದ್ದಾಗ ಆ ದುಡ್ಡೂ ನಿಂತಿತು.

ಚರ್ಮಗಂಟು ರೋಗ ಭಾರತದಲ್ಲಿ ಮೊದಲು ಕಂಡದ್ದು 2019ರಲ್ಲಿ, ಒಡಿಶಾದಲ್ಲಿ. ಹಿಸಾರ್ ಮತ್ತು ಇಜ್ಜತ್‌ನಗರದ ಸರ್ಕಾರಿ ವಿಜ್ಞಾನಿಗಳು ರಾಂಚಿಯ ದನಗಳಿಂದ ತೆಗೆದ ವೈರಸ್ಸನ್ನೇ ಪಳಗಿಸಿ ಲಸಿಕೆ ಮಾಡಿದರು. 2022ರ ಆಗಸ್ಟ್‌ನಲ್ಲಿ ಮಂತ್ರಿಗಳಿಂದ ಬಿಡುಗಡೆಯೂ ಆಯಿತು. ಪರವಾನಗಿ ಸಿಕ್ಕಿದ್ದು ಮಾತ್ರ 2025ರ ಫೆಬ್ರವರಿಯಲ್ಲಿ, ಮಾಲೂರಿನ ಒಂದು ಖಾಸಗಿ ಕಂಪನಿಗೆ. ಎರಡೂವರೆ ವರ್ಷ! ಅಷ್ಟು ದಿನ ಹಸುಗಳಿಗೆ ಚುಚ್ಚಿದ್ದು ಮೇಕೆ ಸಿಡುಬಿನ ಲಸಿಕೆ. ಅದರಿಂದ ಕೊಂಚ ರಕ್ಷಣೆ ಸಿಕ್ಕಿತು, ಇಲ್ಲವೆನ್ನಲಾರೆ.

ಸತ್ತ ಹಸುವಿಗೆ 20,000 ರೂಪಾಯಿ ಪರಿಹಾರ ಕೊಟ್ಟೆವಲ್ಲ ಎನ್ನುತ್ತಾರೆ. ಪರಿಹಾರದ ಚೆಕ್ಕಿಗೆ ಕೆಚ್ಚಲಿದೆಯೇ? ಹೆಬ್ಬಾಳದಲ್ಲಿ 1925ರಿಂದ ಸರ್ಕಾರದ್ದೇ ಲಸಿಕೆ ಸಂಸ್ಥೆಯಿದೆ. ದೊಡ್ಡರೋಗಕ್ಕೆ ಸೀರಂ ತಯಾರಿಸಿದ ಜಾಗ ಅದು. ಆ ರೋಗ ಜಗತ್ತಿನಿಂದಲೇ ಅಳಿಯಿತೆಂದು 2011ರಲ್ಲಿ ಸಾರಲಾಯಿತು. ಇಂಥ ಸಂಸ್ಥೆಗಳಿಗೆ ದುಡ್ಡು ಕೊಡಬೇಕಾದ್ದು ರೋಗ ಬರುವ ಮುಂಚೆ. ಸಂಶೋಧನೆಗಷ್ಟೇ ಕೊಟ್ಟರೆ ಸಾಲದು, ಪರೀಕ್ಷೆಗೆ, ತಯಾರಿಕೆಗೆ, ಲಸಿಕೆಯನ್ನು ತಣ್ಣಗಿಟ್ಟು ಕೊಟ್ಟಿಗೆಯ ತನಕ ತರುವ ಪಶುವೈದ್ಯರಿಗೆ ಕೂಡ ಕೊಡಬೇಕು.