ಚಂದ್ರನ ಮಣ್ಣೂ ನಮ್ಮ ನುಡಿಯೂ

2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ನೌಕೆಯು ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಅದರಿಂದ ಹೊರಬಂದ 26 ಕಿಲೋ ತೂಕದ ಪ್ರಜ್ಞಾನ್ ಬಂಡಿಯು ಅಲ್ಲಿಯ ಮಣ್ಣನ್ನು ಪರೀಕ್ಷಿಸಿದ ಬಗೆಯನ್ನು ಬಲ್ಲವರು ವಿರಳ. 2008ರಲ್ಲಿ ಮಂಗಳದ ಮೇಲಿಳಿದ ಅಮೆರಿಕದ ಫೀನಿಕ್ಸ್ ನೌಕೆಯು ಯಂತ್ರದ ತೋಳಿನಿಂದ ಮಣ್ಣನ್ನು ಮೊಗೆದು, ಪುಟ್ಟ ಕುಲುಮೆಯಲ್ಲಿ ಕಾಯಿಸಿ ನೋಡಿತು. ಪ್ರಜ್ಞಾನಕ್ಕೆ ಅಂಥ ತೋಳಿರಲಿಲ್ಲ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಸಿದ್ಧವಾದ ಅದರ ಒಂದು ಉಪಕರಣವು ಮಣ್ಣಿನ ಮೇಲೆ ಲೇಸರ್ ಕಿರಣವನ್ನು ಬಿಟ್ಟಿತು. ಕಾದು ಆವಿಯಾದ ಕಣಗಳು ಬೆಳಕನ್ನು ಚೆಲ್ಲಿದವು. ಉಪ್ಪು ಒಲೆಗೆ ಬಿದ್ದರೆ ಉರಿ ಹಳದಿಯಾಗುವುದಷ್ಟೆ? ಹಾಗೆಯೇ ಒಂದೊಂದು ಮೂಲವಸ್ತುವಿಗೂ ತನ್ನದೇ ಆದ ಬಣ್ಣಗಳುಂಟು. ಅವುಗಳಿಂದಲೇ ಕಬ್ಬಿಣ, ಅಲ್ಯೂಮಿನಿಯಂ, ಗಂಧಕ ಮುಂತಾದವುಗಳ ಗುರುತು ಸಿಕ್ಕಿತು.

ಪಟಾಕಿಯ ಮದ್ದಿನಲ್ಲಿರುವ ಅದೇ ಗಂಧಕ! ಕನ್ನಡದಲ್ಲಿ ಓದಿದರೆ ವಿಜ್ಞಾನದ ಬಾಗಿಲು ಮುಚ್ಚಿತೆಂದು ಪುಣೆಯ ನಮ್ಮವರೇ ಅನೇಕರು ನುಡಿಯುತ್ತಾರೆ. ಮಕ್ಕಳನ್ನು ಬಿಡಿಸಿ ಬೇರೆ ಶಾಲೆಗೆ ಒಯ್ಯುತ್ತಾರೆ. ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ ಈ ಊರಿಗೆ ಬಂದ ನಾವು ಇದನ್ನು ಒಪ್ಪಲಾರೆವು. ಮೇಲಿನ ವಿಷಯವನ್ನು ತಿಳಿಯಲು ಯಾವ ಪರಭಾಷೆ ಬೇಕಾಯಿತು? ಲೇಸರ್‌ನಂಥ ಮಾತುಗಳು ಹೊರಗಿನಿಂದ ಬಂದವು, ಬರಲಿ. ಇಂಗ್ಲಿಷನ್ನು ಕಲಿಯಲೇಬೇಕು, ಮರಾಠಿಯನ್ನೂ ಕಲಿಯಬೇಕು. ಆದರೆ ‘ಸಲ್ಫರ್’ ಎಂದು ಉರುಹೊಡೆದು, ಅದೇ ಗಂಧಕವೆಂದರಿಯದ ಹುಡುಗನಿಗೆ ಅದು ಚಂದ್ರನಲ್ಲಿದ್ದರೇನು, ಇಲ್ಲದಿದ್ದರೇನು?

ಪುಣೆಯ ಗುಡ್ಡಗಳ ಕರಿಗಲ್ಲೂ ಚಂದ್ರನ ಕಪ್ಪು ಕಲೆಗಳ ಕಲ್ಲೂ ಬಸಾಲ್ಟ್ ಜಾತಿಯವೇ. ಪರ್ವತಿ ಗುಡ್ಡಕ್ಕೆ ಹೋದವರು ಒಂದು ಚೂರನ್ನು ತರಗತಿಗೆ ತನ್ನಿರಿ. ಅದನ್ನು ಕನ್ನಡದಲ್ಲಿಯೇ ವಿಚಾರಿಸೋಣ.