ತೊಟ್ಟಿಲ ಖರ್ಚು ಯಾರ ತಲೆಯ ಮೇಲೆ?

ಹೆಣ್ಣಿಗೆ ಮಕ್ಕಳು ಬೇಕೋ, ನೌಕರಿ ಬೇಕೋ ಎಂಬ ಚರ್ಚೆ ಪಟ್ಟಣಗಳಲ್ಲಿ ಜೋರಾಗಿ ನಡೆಯುತ್ತದೆ. ಇದೇ ಪ್ರಶ್ನೆಯನ್ನು ಗಂಡಸಿಗೆ ಕೇಳಿದವರನ್ನು ನಾವು ಕಂಡಿಲ್ಲ. ಮಗು ಹುಟ್ಟಿದ ದಿನವೇ ಪಾಳಿಗೆ ಹೋದ ತಂದೆ ಕರ್ತವ್ಯನಿಷ್ಠ. ಮೂರು ತಿಂಗಳ ಕೂಸನ್ನು ಬಿಟ್ಟು ಹೋದ ತಾಯಿ ಕಲ್ಲೆದೆಯವಳು!

ನಮ್ಮ ಸೀಮೆಯಲ್ಲಿ ಈ ಚರ್ಚೆಗೆ ಅರ್ಥವೇ ಇಲ್ಲ. ಇಂಡಿಯ ಲಿಂಬೆ ತೋಟದಲ್ಲಿ, ಸಿಂದಗಿಯ ಹತ್ತಿ ಹೊಲದಲ್ಲಿ, ಮುದ್ದೇಬಿಹಾಳದ ತೊಗರಿ ಕಣದಲ್ಲಿ, ಬಸವನ ಬಾಗೇವಾಡಿಯ ಸಂತೆಯಲ್ಲಿ ದುಡಿಯುವ ಹೆಣ್ಣುಮಗಳು ತಾಯಿಯೂ ಹೌದು, ಕೂಲಿಯೂ ಹೌದು. ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ಆಕೆ ನಕ್ಕಾಳು. ಆಕೆಗೆ ಇಲ್ಲದಿರುವುದು ಆಯ್ಕೆ. ಎಷ್ಟು ಮಕ್ಕಳು, ಯಾವಾಗ, ಹೆತ್ತ ಮೇಲೆ ಎಷ್ಟು ದಿನ ವಿಶ್ರಾಂತಿ, ಇದನ್ನೆಲ್ಲ ನಿರ್ಧರಿಸುವವರು ಬೇರೆಯವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ನೋಡಿರಿ. ದೇಶದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿ ತಾವೇ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡದ್ದು ಸಾವಿರಕ್ಕೆ 3 ಮನೆಗಳಲ್ಲಿ!

ಗಡಿಯಾಚೆಯ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಸ್ಥಿತಿಯನ್ನು 2019ರಲ್ಲಿ ಮಹಾರಾಷ್ಟ್ರ ಸರಕಾರ ಸಮೀಕ್ಷೆ ಮಾಡಿಸಿತು. ಸುಮಾರು 82 ಸಾವಿರ ಮಂದಿಯಲ್ಲಿ 13 ಸಾವಿರಕ್ಕೂ ಹೆಚ್ಚಿನವರ ಗರ್ಭಕೋಶ ತೆಗೆಯಲಾಗಿತ್ತು. ಕೆಲಸ ತಪ್ಪಿದರೆ ಮುಕಾದಮನಿಗೆ ದಂಡ. ತಿಂಗಳ ನೋವಿಗೂ ರಜೆಯಿಲ್ಲ. ಅನೇಕರು ತಾವಾಗಿಯೇ ಒಪ್ಪಿದರಂತೆ. ಹೊಟ್ಟೆಗಾಗಿ ಒಡಲನ್ನೇ ಒಪ್ಪಿಸಿದ್ದನ್ನು ಆಯ್ಕೆ ಎನ್ನಬಹುದೆ? ಗುಳೆ ಹೋಗುವ ನಮ್ಮ ತಾಲೂಕುಗಳ ಜನ ಇದನ್ನು ಪರರ ಸುದ್ದಿಯೆಂದು ಓದುವಂತಿಲ್ಲ.

ಇಲ್ಲಿ ನಮ್ಮ ಅಂಗಡಿಕಾರ ಮಿತ್ರರು ಕೇಳಬಹುದು: "ಇಬ್ಬರು ಆಳಿನ ದುಕಾನು ನನ್ನದು. ಆರು ತಿಂಗಳ ಪಗಾರ ಕೂತಲ್ಲಿಗೆ ಎಲ್ಲಿಂದ ಕೊಡಲಿ?" ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಹಳೆಯದೇ. ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, 1928ರಲ್ಲಿ, ಕಾರಖಾನೆಯ ಹೆಂಗಸರ ಹೆರಿಗೆ ಭತ್ಯೆಯ ಮಸೂದೆ ಅಲ್ಲಿನ ಶಾಸನಸಭೆಗೆ ಬಂತು. ಡಾ. ಅಂಬೇಡ್ಕರರು ಅದನ್ನು ಎತ್ತಿ ಹಿಡಿದರು. ತಾಯಿಯ ವಿಶ್ರಾಂತಿ ರಾಷ್ಟ್ರದ ಹಿತ. ಆದ್ದರಿಂದ ಹೆಚ್ಚಿನ ಭಾರ ಸರಕಾರದ್ದು, ಆದರೆ ದುಡಿಸಿಕೊಂಡು ಲಾಭ ಪಡೆದ ಧಣಿಯೂ ನುಣುಚಿಕೊಳ್ಳುವಂತಿಲ್ಲ ಎಂಬುದು ಅವರ ವಾದ. 1929ರಲ್ಲಿ ಕಾಯಿದೆ ಬಂತು.

ಆದರೆ ಆಮೇಲೆ ಆದದ್ದೇನು? 1961ರ ಕೇಂದ್ರ ಕಾಯಿದೆ ಭಾರವನ್ನೆಲ್ಲ ಮಾಲೀಕನ ಮೇಲೆ ಹೊರಿಸಿತು. 2017ರಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಸ್ವಾಗತಾರ್ಹವೇ. ಆದರೆ ಹತ್ತು ಜನರಿಗಿಂತ ಕಡಿಮೆ ಆಳುಗಳಿರುವ ಅಂಗಡಿಯವಳಿಗೆ, ಹೊಲದವಳಿಗೆ ಅದು ದಕ್ಕಲಿಲ್ಲ. ದಕ್ಕುವ ಕಡೆ "ಹೆಣ್ಣಾಳೇ ಬೇಡ" ಎನ್ನುವ ಮಾಲೀಕ ಹುಟ್ಟಿಕೊಂಡ.

ದಾರಿ ಇಲ್ಲದಿಲ್ಲ. ಇ.ಎಸ್.ಐ. ವಿಮೆಯಲ್ಲಿ ಧಣಿಯೂ ಕಾರ್ಮಿಕನೂ ಪ್ರತಿ ತಿಂಗಳು ಅಲ್ಪಸ್ವಲ್ಪ ಕಟ್ಟುತ್ತಾರೆ. ಹೆರಿಗೆಯಾದಾಗ 26 ವಾರದ ಭತ್ಯೆ ಆ ನಿಧಿಯಿಂದ ಬರುತ್ತದೆ, ಒಬ್ಬನ ಗಲ್ಲೆಯಿಂದಲ್ಲ. ಇಂಥ ನಿಧಿಯನ್ನು ಸರಕಾರದ ಪಾಲೂ ಸೇರಿಸಿ ಸಣ್ಣ ಅಂಗಡಿಗೆ, ಕೂಲಿಗೆ ವಿಸ್ತರಿಸಲಿ. 2023ರಲ್ಲಿ ರಾಜ್ಯ ಸರಕಾರ 4 ಸಾವಿರ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಸಾರಿತು. ನಿಮ್ಮೂರಲ್ಲಿ ಅದು ನಡೆದಿದೆಯೆ, ಬೀಗ ಬಿದ್ದಿದೆಯೆ? ಹೋಗಿ ನೋಡಿರಿ, ಪಂಚಾಯತಿಯವರನ್ನು ಕೇಳಿರಿ.

ಕಾಯಕದ ಮಾತನ್ನಾಡಿದ ಬಸವಣ್ಣನವರು ಬಾಗೇವಾಡಿಯವರು. ಅವರ ಅಕ್ಕ ನಾಗಮ್ಮ ಚನ್ನಬಸವಣ್ಣನ ತಾಯಿ, ವಚನಕಾರ್ತಿಯೂ ಹೌದು. ತೊಟ್ಟಿಲೋ ವಚನವೋ ಎಂದು ಆಕೆಯನ್ನು ಯಾರೂ ಕಟ್ಟಿಹಾಕಲಿಲ್ಲ.

ಗಿರಣಿಯ ಸಂಗಾತಿಗಳೇ, ಮುಂದಿನ ಬೇಡಿಕೆ ಪಟ್ಟಿಯಲ್ಲಿ ಬೋನಸ್ಸಿನ ಪಕ್ಕದಲ್ಲೇ ಕೂಸಿನ ಕೋಣೆಯನ್ನೂ ಬರೆಯಿರಿ. ಬರೆದು ಮನೆಗೆ ಹೋದ ಮೇಲೆ, ಅಳುವ ಕೂಸನ್ನು ಒಂದಿಷ್ಟು ನೀವೂ ಎತ್ತಿಕೊಳ್ಳಿರಿ.